ಭಾವನ ಹೊಗೆಮಾಂಸ

ಮಾಂಸಕ್ಕೆ ನನ್ನ ಭಾವನಷ್ಟು ಅವಮಾನ ಮಾಡಿದವರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ! ಕಟುಕ ಕುರಿಯನ್ನು ಒಂದೇ ಸಲ ಕೊಲ್ಲುತ್ತಾನೆ; ನನ್ನ ಅಕ್ಕನ ಗಂಡನೆನಿಸಿಕೊಂಡ ಈ ಮಹಾನುಭಾವರು ಅದೇ ಕುರಿಯನ್ನು ಹದಿನೈದು ದಿನ ಕೊಲ್ಲುತ್ತಿದ್ದರು.

ಠಾಣೆಯ ಒಂದು ಸಸ್ಯಾಹಾರಿ ಹೋಟೆಲಿಗೆ ಅವರು ಮ್ಯಾನೇಜರು. ವಾರವಿಡೀ ಇಡ್ಲಿ ಸಾಂಬಾರಿನ ನಡುವೆ ಬೇಯುವ ಉಡುಪಿ ಕಡೆಯ ಮನುಷ್ಯನಿಗೆ ರಜೆಯ ದಿನ ಕೋಳಿಸಾರು ಬೇಕೆನಿಸಿದರೆ ತಪ್ಪೇನಿದೆ? ಆದರೆ ಇವರಿಗೆ ಹೊಸ ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಯಾವನೋ ವಿದೇಶಿ ಕುರಿಯ ತೊಡೆಗೆ ಉಪ್ಪು ತಿಕ್ಕಿ, ನೇತುಹಾಕಿ, ಹೊಗೆ ಕೊಡುತ್ತಿದ್ದ. ಅವನ ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಭಾವನ ಮನೆಯ ಕಿಟಕಿಯಾಚೆ ಇದ್ದದ್ದು ಡೊಂಬಿವಲಿಯ ಮೇ ತಿಂಗಳ ಸೆಕೆ! ಮೊದಲ ತೊಡೆ ಎರಡನೇ ದಿನಕ್ಕೇ ಇಡೀ ಮಹಡಿಗೆ ತನ್ನ ಇರವನ್ನು ಸಾರಿತು. ಕೆಳಗೊಯ್ದು ಬೀದಿನಾಯಿಗೆ ಹಾಕಿದರೆ, ಅದು ಮೂಸಿ, ಭಾವನ ಮುಖವನ್ನೊಮ್ಮೆ ನೋಡಿ, ರಸ್ತೆ ದಾಟಿ ಹೋಯಿತು.

ಆಮೇಲೆ ಉಪ್ಪು ಹೆಚ್ಚಿತು, ಫ್ರಿಜ್ಜಿನಿಂದ ಹಾಲು ತರಕಾರಿ ಹೊರಬಿದ್ದವು. ಹೊಗೆಗೂಡು ಯಾವುದು ಗೊತ್ತೇ? ಅಕ್ಕನ ಮದುವೆಯ ಸ್ಟೀಲ್ ಕಪಾಟು! ಸೀರೆಗಳೆಲ್ಲ ಮಂಚದಡಿಗೆ.

"ರೀ, ಅದು ನನ್ನಪ್ಪ ಕೊಟ್ಟ ಕಪಾಟು!"

"ಅದಕ್ಕೇ ಗಟ್ಟಿ ಉಂಟು," ಎಂದರು ಭಾವ.

ಹೋಟೆಲಿನ ತೆಂಗಿನ ಚಿಪ್ಪುಗಳನ್ನು ಚೀಲ ತುಂಬಿ ತಂದು, ಬಾಲ್ಕನಿಯಲ್ಲಿ ಕಪಾಟಿನೊಳಗೆ ಉರಿಸಿದರು. ಹೊಗೆ ನೇರ ಮೇಲಿನ ಮನೆಗೆ! ಆ ಮನೆಯಲ್ಲಿದ್ದ ಸೊಸೈಟಿ ಸೆಕ್ರೆಟರಿ ಬನಿಯನ್ನಿನಲ್ಲೇ, ಎರಡು ಬಕೆಟ್ ನೀರು ಹಿಡಿದು ಓಡಿಬಂದರು.

"ಆಗ್ ಕಹಾಂ ಹೈ? ಆಗ್ ಕಹಾಂ ಹೈ?"

"ಆಗ್ ನಹೀಂ ಸಾಬ್, ಮಟನ್ ಹೈ," ಎಂದರು ಭಾವ, ಗಂಭೀರವಾಗಿ.

ಶುದ್ಧ ಸಸ್ಯಾಹಾರಿಯಾದ ಸೆಕ್ರೆಟರಿ, ಬೆಂಕಿಯೇ ಎಷ್ಟೋ ವಾಸಿಯಿತ್ತು ಎಂಬಂತೆ ನೋಡಿ, ಎರಡೂ ಬಕೆಟ್ಟನ್ನು ಕಪಾಟಿನೊಳಗೆ ಸುರಿದು ಹೋದರು.

ಹೋಗಲಿ, ರುಚಿಯಾದರೂ ಇತ್ತೇ? ಒಮ್ಮೆ ಡೊಂಬಿವಲಿಯಲ್ಲಿ ನಾನು ಬಾಯಿಗೆ ಹಾಕಿದ ತುಂಡು, ಮನೆಗೆ ಮರಳುತ್ತ ಠಾಣೆಯಲ್ಲಿ ಲೋಕಲ್ ರೈಲು ಬದಲಿಸುವಾಗಲೂ ಹಾಗೇ ಇತ್ತು. ವಾಶಿಯಲ್ಲಿ ಇಳಿಯುವಾಗ ದವಡೆ ಸೋತಿತ್ತು. ಅಷ್ಟರಲ್ಲಿ ಭಾವನ ಫೋನು.

"ಹೇಗುಂಟು ಮಾರಾಯ?"

"ಇನ್ನೂ ಜಗಿಯುತ್ತಾ ಇದ್ದೇನೆ ಭಾವ. ಮುಂದಿನ ಸಲ ನನಗೆ ಬೇಡ, ಚಪ್ಪಲಿ ಹೊಲಿಯುವವನಿಗೆ ಕೊಡಿ!"

ಬೇರೆ ನೆಂಟರೆಲ್ಲ "ಫಸ್ಟ್ ಕ್ಲಾಸ್" ಎಂದು ಹೊಗಳಿ ಕರವಸ್ತ್ರಕ್ಕೆ ಉಗುಳುತ್ತಿದ್ದರು. ಬಾಯಿಬಿಟ್ಟು ಬಯ್ಯುತ್ತಿದ್ದವನು ನಾನೊಬ್ಬನೇ. ಆರೇಳು ವರ್ಷ ಬಯ್ದೆ.

ಆಮೇಲೆ ಭಾವನ ಕಿಡ್ನಿ ಕೈಕೊಟ್ಟಿತು. ಡಾಕ್ಟರು ಉಪ್ಪು, ಮಾಂಸ ಎರಡನ್ನೂ ನಿಲ್ಲಿಸಿದರು. ಒಂದು ಭಾನುವಾರ ಕರೆದರೆಂದು ಹೋದರೆ, ಅರ್ಧಕ್ಕರ್ಧ ಇಳಿದುಹೋಗಿದ್ದ ಮನುಷ್ಯ ನನ್ನ ಮುಂದೆ ಒಂದು ತಟ್ಟೆ ಇಟ್ಟರು. ತೆಳ್ಳಗೆ ಕೊಯ್ದ ಕೆಂಪು ಹೋಳುಗಳು.

"ಉಪ್ಪು ನೋಡಿ ಹೇಳು. ನನಗೆ ನಾಲಿಗೆಗೆ ತಾಗಿಸಲಿಕ್ಕಿಲ್ಲ."

"ಅಕ್ಕ ನೋಡಲಿಲ್ಲವಾ?"

"ಅವಳು ಈಗ ಎಲ್ಲದಕ್ಕೂ ಚೆನ್ನಾಗುಂಟು ಅಂತಾಳೆ. ಕನಿಕರ. ನೀನಾದರೆ ಬಯ್ಯುವವ."

ಬೈಗುಳ ಸಿದ್ಧವಾಗಿಟ್ಟುಕೊಂಡೇ ಬಾಯಿಗೆ ಹಾಕಿದೆ. ಹೋಳು ನಾಲಿಗೆಯ ಮೇಲೆ ಮೆತ್ತಗೆ ಬಿಚ್ಚಿಕೊಂಡಿತು. ಹದವಾದ ಉಪ್ಪು, ಹಿಂದಿನಿಂದ ತೆಳುವಾದ ಹೊಗೆ. ಇಷ್ಟು ವರ್ಷಕ್ಕೆ ಹದ ಸಿಕ್ಕಿದ್ದು ಈಗಲೇ ಆಗಬೇಕಿತ್ತೇ!

"ಚೆನ್ನಾಗಿದೆ, ಭಾವ."

ಅವರ ಮುಖ ಬಾಡಿತು. "ನೀನೂ ಶುರು ಮಾಡಿದೆಯಾ?"

ನಿಜ ಎಂದೆ, ಆಣೆ ಎಂದೆ. ಅವರು ಕಿಟಕಿಯ ಕಡೆ ತಿರುಗಿದರು. ಇನ್ನೇನು ಮಾಡಲಿ? ತಟ್ಟೆಯನ್ನು ನನ್ನತ್ತ ಎಳೆದುಕೊಂಡು ತಿನ್ನತೊಡಗಿದೆ. ಒಂದಾದ ಮೇಲೊಂದು. ಅವರು ಮೆಲ್ಲಗೆ ಇತ್ತ ತಿರುಗಿ ನನ್ನ ಬಾಯನ್ನೇ ನೋಡುತ್ತ ಕುಳಿತರು. ಕೊನೆಯ ಹೋಳಿಗೆ ಕೈ ಹಾಕಿದಾಗ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು.

"ನಿನ್ನ ಅಕ್ಕನಿಗೆ ಒಂದಾದರೂ ಬಿಡು ಮಾರಾಯ!"