ಕಚ್ಚಿದವರು ಇನ್ನೂ ಬದುಕಿರುವ ಬಗ್ಗೆ

ಮಾನ್ವಿ
ನವೆಂಬರ್ ೧೯೭೯

ಇವರಿಗೆ,
ಶ್ರೀ ಮೋತಿಯವರು,
ಕುರಿ ಕಾವಲು, ಆದೆಮ್ಮನವರ ಹಟ್ಟಿ,
ಕುರ್ಡಿ, ಮಾನ್ವಿ ತಾಲೂಕು.

ಮಾನ್ಯರೇ,

ಮೊದಲಿಗೆ ತಮ್ಮ ನಾಲ್ಕೂ ಪಾದಗಳಿಗೆ, ಸ್ವಲ್ಪ ದೂರದಿಂದಲೇ, ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವೂ ತಮ್ಮ ಕುರಿಗಳೂ ತಮ್ಮ ಒಡತಿ ಆದೆಮ್ಮನವರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ಹಲ್ಲುಗಳ ಆರೋಗ್ಯವನ್ನು ಮಾತ್ರ ವಿಚಾರಿಸುತ್ತಿಲ್ಲ, ಅದರ ಗುರುತು ನನ್ನ ಎಡಗಾಲಿನ ಮೀನಖಂಡದ ಮೇಲೆ ಇಂದಿಗೂ ಸ್ಪಷ್ಟವಾಗಿದೆ. ಈ ಪತ್ರವನ್ನು ಕಚೇರಿಗೆ ಬರೆಯದೆ ತಮಗೇಕೆ ಬರೆಯುತ್ತಿದ್ದೇನೆ ಎಂದರೆ, ಕಚೇರಿಗೆ ಬರೆದ ಪತ್ರಗಳನ್ನು ಅಲ್ಲಿ ಯಾರೂ ಓದುವುದಿಲ್ಲವೆಂದು ನನಗೆ ಖಚಿತವಾಗಿದೆ. ತಾವೂ ಓದುವುದಿಲ್ಲ, ನಿಜ. ಆದರೆ ತಮಗೆ ಅದಕ್ಕೊಂದು ನ್ಯಾಯವಾದ ಕಾರಣವಿದೆ.

ಕಚ್ಚಿದವರಿಗೆ ಕಚ್ಚಿಸಿಕೊಂಡವರ ನೆನಪಿರುವುದು ಅಪರೂಪ, ಆದ್ದರಿಂದ ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ದೇವದುರ್ಗದ ಸಾಬಣ್ಣ. ಕಳೆದ ವರ್ಷದ ಬೇಸಿಗೆಯಲ್ಲಿ ನನಗೆ ಭೂಮಾಪಕನ ಹಂಗಾಮಿ ನೌಕರಿಯ ಆದೇಶ ಬಂದಾಗ, ಮನೆತನದಲ್ಲಿ ಸರ್ಕಾರದ ಅನ್ನ ಉಣ್ಣಲು ಹೊರಟ ಮೊದಲನೆಯವನೆಂದು ನಮ್ಮವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಸರ್ಕಾರಿ ನೌಕರನಿಗೆ ಜಡ್ಡು ಬಂದರೆ ಖರ್ಚನ್ನು ಸರ್ಕಾರವೇ ನೋಡಿಕೊಳ್ಳುತ್ತದೆಂದು ಅವಳಿಗೆ ಯಾರೋ ಹೇಳಿದ್ದರು. ಅದು ಸುಳ್ಳಲ್ಲ, ಸರ್ಕಾರವು ಒಂದೂವರೆ ವರ್ಷದಿಂದ ನನ್ನ ಖರ್ಚನ್ನು ನೋಡುತ್ತಲೇ ಇದೆ.

ನಮ್ಮ ಭೇಟಿ ನಡೆದಾಗ ನನಗಿನ್ನೂ ಮೊದಲ ಪಗಾರ ಬಂದಿರಲಿಲ್ಲ. ಅಣ್ಣತಮ್ಮಂದಿರಿಬ್ಬರ ಹೊಲ ಪಾಲು ಮಾಡಿಕೊಡಲು ಅಳತೆಯ ಸರಪಳಿ ಹಿಡಿದು ಕುರ್ಡಿಗೆ ಬಂದಿದ್ದೆ. ಆ ಹೊಲದಲ್ಲಿ ಗೊಬ್ಬರಕ್ಕೆಂದು ಆದೆಮ್ಮನವರ ಕುರಿಗಳನ್ನು ನಿಲ್ಲಿಸಿದ್ದರು, ಕುರಿಗಳ ಸುತ್ತ ತಾವಿದ್ದಿರಿ. ಸರಪಳಿಯ ಇನ್ನೊಂದು ತುದಿ ಹಿಡಿಯುವ ಯಮನೂರಪ್ಪ ಈ ಕೆಲಸದಲ್ಲಿಯೇ ತಲೆ ನರೆತವನು, “ಸರಪಳಿ ಎತ್ತಿ ಹಿಡೀರಿ ಸಾಹೇಬ್ರ, ನೆಲಕ್ಕ ಎಳಕೊಂಡು ನಡದ್ರ ಕುರಿನಾಯಿಗಿ ಆಗಿ ಬರಂಗಿಲ್ಲ” ಎಂದು ಮೊದಲೇ ಹೇಳಿದ್ದ. ಆದರೆ ಹೊಸ ನೌಕರಿಯ ಬಿಸಿಯಲ್ಲಿ, ಸರ್ಕಾರದ ಸಪ್ಪಳ ಊರಿಗೆಲ್ಲ ಕೇಳಲಿ ಎಂಬಂತೆ ನಾನು ಅದನ್ನು ಝಣಝಣ ಎಳೆದುಕೊಂಡೇ ಬಂದೆ. ನಾಯಿಯಾದವನ ಬದುಕಿನಲ್ಲಿ ಸರಪಳಿ ಹಿಡಿದು ಬರುವವನಿಗೆ ಇರುವುದು ಒಂದೇ ಉದ್ದೇಶ, ತಾವು ಅದನ್ನು ತಡೆಯಲು ಕ್ರಮ ಕೈಗೊಂಡಿರಿ. ಅರ್ಜಿ ಕೇಳದೆ, ಟಿಪ್ಪಣಿ ಬರೆಯದೆ, ಮೇಲಿನವರ ಒಪ್ಪಿಗೆಗೆ ಕಾಯದೆ ಒಂದು ತೀರ್ಮಾನವನ್ನು ಅಷ್ಟು ಬೇಗ ಜಾರಿಗೆ ತಂದವರನ್ನು ನಾನು ಈ ಜಿಲ್ಲೆಯಲ್ಲಿ ಬೇರೆ ಕಂಡಿಲ್ಲ.

ಊರವರು ಏಳು ಬಾವಿ ಇಣುಕಿ ನೋಡಿದರೆ ನಂಜು ಇಳಿಯುತ್ತದೆ ಎಂದರು. ಆ ಚಿಕಿತ್ಸೆಗೆ ಖರ್ಚಿಲ್ಲ, ಖರ್ಚಿಲ್ಲದ್ದರಿಂದ ಬಿಲ್ಲೂ ಇಲ್ಲ, ಅದನ್ನೇ ಒಪ್ಪಿಕೊಂಡಿದ್ದರೆ ಈ ಪತ್ರದ ಅಗತ್ಯ ಬೀಳುತ್ತಿರಲಿಲ್ಲ. ಆದರೆ ನಾನು ಸರ್ಕಾರದವನೆಂಬ ಧೈರ್ಯದಲ್ಲಿ ಡಾಕ್ಟರೊಬ್ಬರ ಬಳಿ ಹೋದೆ. ಬಡಿಗೆ ಹಿಡಿದು ಹಿಂದೆಯೇ ಬಂದಿದ್ದ ಜನರಿಗೆ ಅವರು, “ನಾಯಿ ಹೊಡೀಬ್ಯಾಡ್ರಿ, ಕಟ್ಟಿ ಹಾಕ್ರಿ. ಹತ್ತು ದಿನ ಉಂಡು ನೀರು ಕುಡಿದು ನೆಟ್ಟಗಿದ್ರ ಇವ್ರಿಗೂ ಏನೂ ಆಗಂಗಿಲ್ಲ” ಎಂದರು. ಅಲ್ಲಿಯವರೆಗೆ ದಿನಕ್ಕೊಂದರಂತೆ ಹೊಕ್ಕುಳ ಸುತ್ತ ಸೂಜಿ ಚುಚ್ಚಿಸಿಕೊಳ್ಳಬೇಕು, ಔಷಧವನ್ನು ರಾಯಚೂರಿನ ಅಂಗಡಿಯಲ್ಲಿ ಕೊಂಡುಕೊಳ್ಳಬೇಕು ಎಂದೂ ನನಗೆ ಹೇಳಿದರು. ಹೀಗೆ ನನ್ನ ಜೀವವೂ ತಮ್ಮ ಜೀವವೂ ಒಂದೇ ಗೂಟಕ್ಕೆ ಬಿದ್ದವು. ತಮ್ಮನ್ನು ಕಟ್ಟಲು ಹಗ್ಗ ಹಾಕಿದರೆ ತಾವು ಕಡಿದು ಹಾಕಿದ್ದರಿಂದ, ಯಮನೂರಪ್ಪ ಕೈಯಲ್ಲಿದ್ದ ಸರ್ಕಾರಿ ಸರಪಳಿಯನ್ನೇ ಬಳಸಿದ. ತಮ್ಮ ಮೊದಲ ಅನುಮಾನ ನಿಜವಾದದ್ದಕ್ಕೆ ಈಗ ಕ್ಷಮೆ ಕೇಳುತ್ತೇನೆ.

ಔಷಧ ಕೊಳ್ಳಲು ನನ್ನಲ್ಲಿ ಹಣವಿರಲಿಲ್ಲ. ಆದೆಮ್ಮನವರು ಬೀರಪ್ಪನ ಹೆಸರಿನಲ್ಲಿ ಬಿಟ್ಟಿದ್ದ ಟಗರನ್ನು ಆ ದಿನವೇ ಮಾರಿ ಬಂದರು. ದೇವರ ಟಗರು ಮಾರಬಹುದೇ ಎಂದು ಹಟ್ಟಿಯವರು ಗೊಣಗಿದಾಗ ಅವರು, “ಬೀರಪ್ಪಗ ನಾ ಹೇಳ್ಕೋತೀನಿ. ಅಂವ ತಡೀತಾನ, ನಂಜು ತಡಿಯಂಗಿಲ್ಲ” ಎಂದು, ಅಲ್ಲೇ ಕೈ ಮುಗಿದು, ನಾಯಿಯೂ ಈ ಹುಡುಗನೂ ಬದುಕಿದರೆ ಒಂದಕ್ಕೆ ಎರಡು ಟಗರು ಕೊಡುತ್ತೇನೆಂದು ಹರಕೆ ಹೊತ್ತರು. ನಾನೂ ಸುಮ್ಮನಿರಲಿಲ್ಲ. “ಸರ್ಕಾರ ರೊಕ್ಕ ಕೊಡ್ತದಬೇ ಯವ್ವಾ, ಕೊಟ್ಟ ದಿನಾನ ನಿನ್ನ ಟಗರು ಹಟ್ಟಿಗಿ ಬರ್ತದ” ಎಂದೆ. ಆ ಮಾತು ಹೇಳುವಾಗ ನನಗೆ ಪೂರ್ಣ ನಂಬಿಕೆಯಿತ್ತು, ಹೊಸ ನೌಕರನಿಗೆ ಇರಬೇಕಾದಷ್ಟು.

ರಾಯಚೂರಿನಲ್ಲಿ ಬೆಳಿಗ್ಗೆ ಸೂಜಿ, ಸಂಜೆ ಬಸ್ ನಿಲ್ದಾಣ. ತಮ್ಮ ಆರೋಗ್ಯದ ಸುದ್ದಿಯನ್ನು ಯಮನೂರಪ್ಪ ಕುರ್ಡಿ ಕಡೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸುತ್ತಿದ್ದ. ಕಂಡಕ್ಟರ್ ಬಾಗಿಲಲ್ಲಿ ನಿಂತು ಇಡೀ ನಿಲ್ದಾಣಕ್ಕೆ ಕೇಳುವಂತೆ, “ಉಂಡದ್ರೀ, ನೀರೂ ಕುಡದದ” ಎಂದಾಗ ನನಗೂ ಹಸಿವಾಗುತ್ತಿತ್ತು. ಅಲ್ಲಿ ಪುಟಾಣಿ, ಶೇಂಗಾ ಮಾರುತ್ತಿದ್ದ ಶೇಖಮ್ಮ ಒಂದು ಸಂಜೆ ಕನಿಕರದಿಂದ, “ಕೂಸಿಗಿ ಏನಾಗ್ಯದ್ರೀ?” ಎಂದು ಕೇಳಿದಳು. ನಾನು, “ಹಲ್ಲು ಬಂದಾವ” ಎಂದೆ.

ಒಂದು ಸಂಜೆ ಮಾತ್ರ ಕಂಡಕ್ಟರ್ ಬಸ್ಸಿನಿಂದ ಇಳಿದು ಹತ್ತಿರ ಬಂದು ಮೆಲ್ಲಗೆ, “ಇವತ್ತು ಉಂಡಿಲ್ಲಂತ್ರೀ” ಎಂದ. ಮಾನ್ಯರೇ, ಆ ರಾತ್ರಿ ಲೋಟದಲ್ಲಿ ನೀರಿಟ್ಟುಕೊಂಡು, ಅದನ್ನು ನೋಡಿದರೆ ನನಗೆ ಭಯವಾಗುತ್ತದೆಯೋ ಇಲ್ಲವೋ ಎಂದು ನೋಡುತ್ತಾ ಕುಳಿತೆ. ನಮ್ಮವ್ವನಿಗೆ ಸುದ್ದಿ ಯಾರು ಮುಟ್ಟಿಸುತ್ತಾರೆ, ಹಂಚಿದ ಸಕ್ಕರೆ ನೆನೆದು ಅವಳು ಹೇಗೆ ಅಳುತ್ತಾಳೆ ಎಂದೆಲ್ಲ ಯೋಚಿಸಿದೆ. ನನಗೆ ಸಾಯುವುದು ಬೇಡವಾಗಿತ್ತು. ಮರುದಿನ ತಿಳಿದದ್ದೇನೆಂದರೆ, ಕಟ್ಟಿ ಹಾಕಿದ್ದಕ್ಕೆ ತಾವು ಸಿಟ್ಟಾಗಿ ಮುಖ ತಿರುಗಿಸಿ ಮಲಗಿದ್ದಿರಂತೆ. ಆದೆಮ್ಮನವರು ತಾವೂ ಉಣ್ಣದೆ ಪಕ್ಕದಲ್ಲಿ ಕುಳಿತು, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತುತ್ತು ತುತ್ತಾಗಿ ತಿನ್ನಿಸಿದರಂತೆ. ಆ ಒಂದು ರೊಟ್ಟಿಗೆ ನಾನು ಇವತ್ತಿಗೂ ಋಣಿ.

ಹತ್ತು ದಿನ ಕಳೆಯಿತು, ತಾವು ಬದುಕಿದಿರಿ. ಡಾಕ್ಟರು ಉಳಿದ ಸೂಜಿಗಳನ್ನು ನಿಲ್ಲಿಸಿದರು. ನಾನು ಅಂಗಡಿಯ ಚೀಟಿಗಳನ್ನೆಲ್ಲ ಜೋಡಿಸಿ, ಔಷಧ ಅವಶ್ಯವಾಗಿತ್ತೆಂದು ಡಾಕ್ಟರ ಸಹಿ ಮಾಡಿಸಿ, ವೈದ್ಯಕೀಯ ವೆಚ್ಚ ಮರುಪಾವತಿಗೆ ಅರ್ಜಿ ಹಾಕಿದೆ. ತಮ್ಮ ಹಲ್ಲಿಗೂ ನಮ್ಮ ಕಚೇರಿಗೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಆಮೇಲೆ: ತಾವು ಕಚ್ಚಿ ಬಿಡುತ್ತೀರಿ.

ನನ್ನ ಸೇವಾ ಪುಸ್ತಕವನ್ನು ಇನ್ನೂ ತೆರೆದಿಲ್ಲವಾದ್ದರಿಂದ, ಕಚ್ಚಿಸಿಕೊಂಡ ದಿನ ನಾನು ಸರ್ಕಾರಿ ನೌಕರನಾಗಿದ್ದೆನೆಂಬುದಕ್ಕೆ ಆಧಾರವೇನೆಂದು ಕಚೇರಿ ಮೊದಲು ಕೇಳಿತು. ನೌಕರನಲ್ಲದವನು ಸುಡುವ ಬಿಸಿಲಿನಲ್ಲಿ ಯಾರದೋ ಹೊಲದಲ್ಲಿ ಸರಪಳಿ ಏಕೆ ಎಳೆಯುತ್ತಾನೆಂದು ನಾನು ಬರೆದೆ. ಅದನ್ನು ಓದಿದ ಕೂಡಲೇ ಅವರಿಗೆ ಸರಪಳಿಯ ನೆನಪಾಯಿತು. ಸರ್ಕಾರಿ ಸರಪಳಿಯನ್ನು ಖಾಸಗಿ ನಾಯಿಯೊಬ್ಬರಿಗೆ ಬಳಸಲು ಅನುಮತಿ ಕೊಟ್ಟವರಾರು, ಅವರ ಎಳೆತದಿಂದ ಸರಪಳಿ ಉದ್ದವಾಗಿಲ್ಲವೆಂದು ಏನು ಖಾತ್ರಿ, ಉದ್ದವಾಗಿದ್ದರೆ ಆಮೇಲೆ ಅಳೆದ ಹೊಲಗಳೆಲ್ಲ ಕಾಗದದಲ್ಲಿ ಕಿರಿದಾದದ್ದಕ್ಕೆ ಯಾರು ಹೊಣೆ ಎಂದು ನೋಟೀಸು ಬಂತು. ಯಮನೂರಪ್ಪನೂ ನಾನೂ ಒಂದು ಇಡೀ ದಿನ ಸರಪಳಿಯನ್ನೇ ಅಳೆದು, ತಮ್ಮಿಂದ ಅದಕ್ಕೆ ಹಾನಿಯಾಗಿಲ್ಲವೆಂದು ವರದಿ ಕೊಟ್ಟೆವು. ತಮ್ಮ ನಡತೆಯ ಬಗ್ಗೆ ಒಳ್ಳೆಯ ಮಾತು ದಾಖಲಾದದ್ದು ಅದೊಂದೇ ಕಡೆ.

ಕೊನೆಗೆ ಬಂದ ಆಕ್ಷೇಪಣೆಯನ್ನು ಇದ್ದಂತೆಯೇ ಬರೆಯುತ್ತೇನೆ: “ಕಚ್ಚಿದ ನಾಯಿಯು ಹತ್ತು ದಿನಗಳ ನಂತರವೂ ಬದುಕಿದ್ದು, ಅದಕ್ಕೆ ಹುಚ್ಚು ಇರಲಿಲ್ಲವೆಂದು ಸಾಬೀತಾಗಿರುವುದರಿಂದ, ಅರ್ಜಿದಾರರು ಪಡೆದ ಚಿಕಿತ್ಸೆ ಅವಶ್ಯವಿರಲಿಲ್ಲ. ನಾಯಿ ಸತ್ತಿದ್ದಲ್ಲಿ ಸೂಕ್ತ ಆಧಾರದೊಂದಿಗೆ ಮರುಸಲ್ಲಿಸುವುದು.” ಮಾನ್ಯರೇ, ಇದರಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಪಟ್ಟೆ. ತಾವು ಬದುಕುವಿರೆಂದು ಮೊದಲ ದಿನವೇ ತಿಳಿದುಕೊಂಡು ಸೂಜಿ ಬೇಡವೆನ್ನುವುದು ನನ್ನ ಕರ್ತವ್ಯವಾಗಿತ್ತು. ಹುಚ್ಚು ಹಿಡಿದು ತಾವು ಸತ್ತು, ಹಿಂದೆಯೇ ನಾನೂ ಸತ್ತಿದ್ದರೆ ಬಿಲ್ಲು ಸಲೀಸಾಗಿ ಪಾಸಾಗುತ್ತಿತ್ತು, ಸಹಿ ಹಾಕಿ ಹಣ ಪಡೆಯುವವನು ಮಾತ್ರ ಇರುತ್ತಿರಲಿಲ್ಲ.

ಬಿಲ್ಲಿನ ಗುಮಾಸ್ತ ವಲಿ ಪಾಷಾ ಅವರು ಕರುಣೆಯುಳ್ಳವರು. ನನ್ನನ್ನು ಪಕ್ಕಕ್ಕೆ ಕರೆದು, “ಫಿಕರ್ ಮಾಡಬ್ಯಾಡ್ರಿ ಸಾಬಣ್ಣಾವ್ರ. ನಾಯಿ ಸತ್ತಿತು ಅಂತ ಮಾಲಕಿ ಕಡಿಂದ ಒಂದು ಹೆಬ್ಬಟ್ಟು ಒತ್ತಿಸ್ಕೊಂಡು ಬರ್ರಿ, ವಾರದಾಗ ಪಾಸ್. ನಾಯಿ ಏನು ಬಂದು ತಕರಾರು ಮಾಡ್ತದೇನು?” ಎಂದರು. ನಾನು ಕಾಗದ ಬರೆದುಕೊಂಡು, ಮಸಿಯ ಡಬ್ಬಿ ಹಿಡಿದು ತಮ್ಮ ಹಟ್ಟಿಗೆ ಬಂದೆ. ಅಂದು ತಾವು ನನ್ನ ಕಾಲು ಮೂಸಿ ನೋಡಿ, ಹಳೆಯ ಪರಿಚಯವೆಂದು ಬಾಲ ಆಡಿಸಿ, ಒಡತಿಯ ಪಕ್ಕದಲ್ಲಿ ಹೋಗಿ ಮಲಗಿದಿರಿ. ತಮ್ಮ ಮರಣದ ಕಾಗದ ನನ್ನ ಜೇಬಿನಲ್ಲಿತ್ತು, ನನಗೆ ನಾಚಿಕೆಯಾಯಿತು.

ಆದೆಮ್ಮನವರು ಏನೂ ಕೇಳದೆ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು, ಆಮೇಲೆ, “ಏನಂತ ಬರದೀಯಪಾ?” ಎಂದರು. ಹೇಳಿದೆ. ಅವರು ಹೆಬ್ಬೆರಳನ್ನು ಕಾಗದದಿಂದ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ, “ಬದುಕ್ಯದ ಅಂತ ಬೀರಪ್ಪಗ ಹೇಳೀನಿ. ಸತ್ತದ ಅಂತ ನಿಮ್ಮ ಸಾಹೇಬ್ರಿಗಿ ಹೆಂಗ ಹೇಳ್ಲಿ? ನಾಯಿ ಒಂದ ಅದಲ್ಲಪಾ” ಎಂದು, ಮಸಿ ಹಚ್ಚಿದ ಹೆಬ್ಬೆರಳನ್ನು ತಮ್ಮ ಬೆನ್ನ ಮೇಲೆ ಒರೆಸಿದರು. ತಾವು ಕಣ್ಣು ತೆರೆಯದೆ ಒಮ್ಮೆ ಬಾಲ ಬಡಿದಿರಿ. ಹೀಗೆ ಕಾಗದದ ಮೇಲೆ ಬೀಳಬೇಕಾಗಿದ್ದ ಹೆಬ್ಬೆಟ್ಟು ತಮ್ಮ ಮೇಲೆಯೇ ಬಿತ್ತು. ನಾನು ಕಾಗದವನ್ನು ಅವರ ಒಲೆಗೆ ಹಾಕಿ, ಅವರು ಕೊಟ್ಟ ಚಹಾ ಕುಡಿದು ಮಾನ್ವಿಗೆ ಮರಳಿದೆ.

ನಾಯಿ ಬದುಕಿದೆ, ನಾನೂ ಬದುಕಿದ್ದೇನೆ, ಆದ್ದರಿಂದ ಅರ್ಜಿಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಕಚೇರಿಗೆ ಬರೆದೆ. ಒಮ್ಮೆ ಆಕ್ಷೇಪಣೆ ಹಾಕಿದ ಅರ್ಜಿಯನ್ನು ಹಿಂತೆಗೆಯಲು ಅವಕಾಶವಿಲ್ಲವೆಂದೂ, ಆಕ್ಷೇಪಣೆ ಊರ್ಜಿತವಾಗಿರಬೇಕಾದರೆ ನಾಯಿ ಬದುಕಿರಬೇಕೆಂದೂ, ಅದಕ್ಕಾಗಿ ಪಿಂಚಣಿದಾರರಂತೆ ಪ್ರತಿ ನವೆಂಬರಿನಲ್ಲಿ ನಾಯಿಯ ಜೀವಂತ ಪ್ರಮಾಣಪತ್ರ ಸಲ್ಲಿಸಬೇಕೆಂದೂ ಉತ್ತರ ಬಂತು. ಪಿಂಚಣಿಯಿಲ್ಲದೆ ಪ್ರಮಾಣಪತ್ರ ಮಾತ್ರ ಕೊಡಬೇಕಾದವರು ಈ ತಾಲೂಕಿನಲ್ಲಿ ಬಹುಶಃ ತಾವೊಬ್ಬರೇ. ಕಚೇರಿಗೆ ಹೋದಾಗಲೆಲ್ಲ ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ನನ್ನ ಮೇಲಿನ ಅಂತಃಕರಣದಿಂದ, “ನಾಯಿ ಹೆಂಗದ? ವಯಸ್ಸಾಗಿರಬೇಕಲ್ಲ?” ಎಂದು ವಿಚಾರಿಸುತ್ತಾರೆ. ಅವರ ಒಳ್ಳೆಯ ಹಾರೈಕೆಗಳಿಂದ ತಾವು ಎಚ್ಚರವಾಗಿರಬೇಕೆಂದು ಕೋರುತ್ತೇನೆ.

ಈಗ ನನ್ನ ವಿನಂತಿಗಳು. ಸಾಧ್ಯವಾದರೆ ತಾವು ನವೆಂಬರಿನಲ್ಲಿ ಖುದ್ದಾಗಿ ಕಚೇರಿಗೆ ಬಂದು, ಸರತಿಯಲ್ಲಿ ನಿಂತು, ಮೂಗು ಒತ್ತಿ ಹೋಗಬೇಕು. ಇನ್ನು ಮುಂದೆ ಕಚ್ಚುವ ಮೊದಲು ಬಂದವರ ಸೇವಾ ಪುಸ್ತಕ ತೆರೆದಿದೆಯೇ ಎಂದು ನೋಡಬೇಕು, ಹೊಸಬರಾದರೆ ಬೊಗಳಿ ಬಿಡಬೇಕು. ಆದೆಮ್ಮನವರು ಸಿಟ್ಟು ಮಾಡಿಕೊಳ್ಳದಂತೆ ದಿನಾ ಹೊತ್ತಿಗೆ ಸರಿಯಾಗಿ ಉಣ್ಣಬೇಕು. ನನ್ನ ಪಗಾರದಲ್ಲಿ ಕೊಂಡ ಒಂದು ಟಗರನ್ನು ಕಳೆದ ತಿಂಗಳು ಹಟ್ಟಿಗೆ ಬಿಟ್ಟಿರುವುದನ್ನು ತಾವು ನೋಡಿದ್ದೀರಿ. ಹರಕೆಯ ಇನ್ನೊಂದು ಬಾಕಿಯಿದೆ. ಬೀರಪ್ಪನು ಇದುವರೆಗೆ ಯಾವ ಆಕ್ಷೇಪಣೆಯನ್ನೂ ಎತ್ತಿಲ್ಲ.

ತಮಗೆ ದೀರ್ಘಾಯುಷ್ಯವಿರಲಿ, ಬೆನ್ನ ಮೇಲಿನ ಹೆಬ್ಬೆಟ್ಟು ಮಾಸದಿರಲಿ, ನನ್ನ ಬಿಲ್ಲು ಎಂದೆಂದಿಗೂ ಪಾಸಾಗದಿರಲಿ ಎಂದು ಮನಸಾರೆ ಬೇಡಿಕೊಳ್ಳುವ,

ತಮ್ಮ ವಿಶ್ವಾಸಿ,
ಸಾಬಣ್ಣ
ಭೂಮಾಪಕ (ಇನ್ನೂ ಹಂಗಾಮಿ)

ಮರೆತ ಮಾತು: ಜೀವಂತ ಪ್ರಮಾಣಪತ್ರದಲ್ಲಿ ನನ್ನ ಒಬ್ಬನ ಮಾತು ಸಾಲದೆಂದು, ಆ ಆಕ್ಷೇಪಣೆ ಬರೆದ ಅಧಿಕಾರಿಗಳೇ ಬರುವ ಸೋಮವಾರ ಕುರ್ಡಿಗೆ ಬಂದು, ತಾವು ಬದುಕಿರುವಿರೋ ಇಲ್ಲವೋ ಹತ್ತಿರದಿಂದ ಪರಿಶೀಲಿಸಲಿದ್ದಾರೆ. ತಮ್ಮನ್ನು ಕಟ್ಟಲು ಸರಪಳಿಯನ್ನು ಸ್ವತಃ ಹಿಡಿದು ಬರುವುದಾಗಿ ಹೇಳಿದ್ದಾರೆ. ಎತ್ತಿ ಹಿಡಿಯಬೇಕೆಂದು ಯಮನೂರಪ್ಪ ಈ ಸಲ ಯಾರಿಗೂ ಹೇಳುವುದಿಲ್ಲವಂತೆ. ತಾವು ಬದುಕಿರುವುದನ್ನು ತಮಗೆ ತಿಳಿದ ರೀತಿಯಲ್ಲಿ ದೃಢಪಡಿಸಬಹುದು. ಅವರು ಕಾಯಂ ನೌಕರರು, ಸೇವಾ ಪುಸ್ತಕವೂ ಪೂರ್ತಿಯಾಗಿದೆ, ಅವರ ಬಿಲ್ಲಿಗೆ ಬರುವ ತೊಂದರೆ ಒಂದೇ: ತಾವು ಬಹಳ ಕಾಲ ಬದುಕುತ್ತೀರಿ.