ಪರದೆ ಮೇಷ್ಟ್ರ ಮೊದಲ ಪಾಠ

"ಇನ್ನು ಮುಂದೆ ಸೀಮೆಸುಣ್ಣ ಮುಟ್ಟಿದರೆ ಕೇಳಿ!" ಎಂದು ಗಣಿತದ ಮೇಷ್ಟ್ರು ಮನೆಯ ನಡುವೆ ನಿಂತು ಘೋಷಿಸಿದರು. ಐತಿಹಾಸಿಕ ಘೋಷಣೆ! ಕೇಳಲು ಇದ್ದವರು ಇಬ್ಬರೇ. ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಕೆಟ್ಟ ಜಿಪ್ಪು ಬಿಚ್ಚುತ್ತಿದ್ದ ಹೆಂಡತಿ, ಕಾಲು ಚಾಚಿ ಹೋಂವರ್ಕ್ ಮಾಡುತ್ತಿದ್ದ ಮಗಳು.

"ಮೊದಲು ಕೈ ತೊಳ್ಕೊಂಡು ಬನ್ನಿ. ಮುಟ್ಟಿದ ಸೀಮೆಸುಣ್ಣ ಎಲ್ಲಾ ಶರ್ಟ್ ಮೇಲೇ ಇದೆ," ಎಂದರು ಹೆಂಡತಿ, ತಲೆ ಎತ್ತದೆ.

ಮೇಷ್ಟ್ರ ರೋಷಕ್ಕೆ ಕಾರಣವಿತ್ತು. ಎಂಟನೇ ತರಗತಿ 'ಬಿ' ವಿಭಾಗದ ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡು ಬರುವವರು. ಪ್ರಶ್ನೆ ಕೇಳಿದರೆ ಡೆಸ್ಕು ನೋಡುತ್ತಾರೆ, ಕಿಟಕಿ ನೋಡುತ್ತಾರೆ, ಮೇಷ್ಟ್ರ ಮುಖ ಮಾತ್ರ ನೋಡುವುದಿಲ್ಲ. ಹೆಡ್ ಮೇಡಂ ಅಂದು ಬೆಳಗ್ಗೆ ಖಡಾಖಂಡಿತವಾಗಿ ಹೇಳಿದ್ದರು: "ಮುಂದಿನ ಗುರುವಾರ ನಿಮ್ಮ ಪಾಠಕ್ಕೆ ಬಂದು ಕೂರ್ತೀನಿ. ಆವತ್ತೂ ಮಕ್ಕಳು ಬಾಯಿ ಬಿಡದಿದ್ರೆ ಆ ಕ್ಲಾಸನ್ನ 'ಎ' ವಿಭಾಗದ ಟೀಚರಿಗೆ ಕೊಡ್ತೀನಿ. ನೀವು ಲೈಬ್ರರಿಯಲ್ಲಿ ಪುಸ್ತಕಕ್ಕೆ ನಂಬರ್ ಹಾಕಿ."

ಇಪ್ಪತ್ತೆರಡು ವರ್ಷ ಲೆಕ್ಕ ಹೇಳಿಕೊಟ್ಟವರಿಗೆ ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸುವ ಕೆಲಸವೇ? ಬಿಟ್ಟಾರೆಯೇ ಮೇಷ್ಟ್ರು! ಸಂಜೆಯೊಳಗೆ ಫೋನಿಗೆ ಹೊಸ ಆ್ಯಪ್ ಇಳಿದಿತ್ತು. ಅದು ಮೇಷ್ಟ್ರ ಮುಖ, ಮೇಷ್ಟ್ರ ಧ್ವನಿ ಕಲಿತು ಪರದೆಯ ಮೇಲೆ ಇನ್ನೊಬ್ಬ ಮೇಷ್ಟ್ರಾಗಿ ನಿಲ್ಲುತ್ತದಂತೆ. ಪಾಠ ಮಾಡುತ್ತದೆ, ಪ್ರಶ್ನೆ ಕೇಳುತ್ತದೆ, ಉತ್ತರ ಹೇಳಿದ ಮಕ್ಕಳನ್ನು ಮೇಷ್ಟ್ರ ಮಾತಿನಲ್ಲೇ ಹುರಿದುಂಬಿಸುತ್ತದೆ!

ಒಂದೇ ತೊಡಕು. "ಬೇರೆಯವರ ಮಾತಿಗೆ ನೀವು ಕೊಡುವ ಸಹಜ ಉತ್ತರಗಳು ಆರು ಗಂಟೆಯಷ್ಟು ಬೇಕು" ಎಂದಿತು ಆ್ಯಪ್. ಎಂಟನೇ 'ಬಿ'ಯಲ್ಲಿ ಬೇರೆಯವರು ಮಾತಾಡಿದರೆ ತಾನೆ ಉತ್ತರ! ಮೇಷ್ಟ್ರು ಕ್ಷಣ ಯೋಚಿಸಿ, ಫೋನನ್ನು ರೆಕಾರ್ಡಿಂಗಿಗೆ ಹಾಕಿ ಫ್ರಿಜ್ಜಿನ ಮೇಲಿಟ್ಟರು. ಮನೆಯಲ್ಲಿ ಮಾತಿಗೇನು ಬರ? ಆರು ದಿನ ಸಂಜೆಯೆಲ್ಲ ಅದು ಅಲ್ಲೇ ಕೂತು ಕೇಳಿಸಿಕೊಂಡಿತು.

ಬುಧವಾರ ಸಂಜೆ "ನಿಮ್ಮ ಮೇಷ್ಟ್ರು ಸಿದ್ಧ" ಎಂದಿತು ಫೋನು.

"ಅಪ್ಪ, ಒಂದ್ಸಲ ಪರೀಕ್ಷೆ ಮಾಡಿ ನೋಡಪ್ಪ," ಎಂದಳು ಮಗಳು.

"ನಾನಾಡಿದ ಮಾತನ್ನ ನಾನೇ ಪರೀಕ್ಷೆ ಮಾಡ್ಬೇಕಾ? ನನ್ನ ಮೇಲೆ ನನಗೆ ನಂಬಿಕೆ ಇದೆ!"

ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ಒಮ್ಮೆ ಫ್ರಿಜ್ಜಿನ ಕಡೆ ನೋಡಿದರು. ಆಮೇಲೆ ಗಂಡನ ಕಡೆ ನೋಡಿದರು.

ಗುರುವಾರ. ಹೆಡ್ ಮೇಡಂ ಕೊನೆಯ ಬೆಂಚಿನಲ್ಲಿ ನೋಟ್‌ಬುಕ್ ಬಿಚ್ಚಿ ಕೂತರು. ಮೇಷ್ಟ್ರು ಗುಂಡಿ ಒತ್ತಿದರು. ಗೋಡೆಯ ಪರದೆಯ ಮೇಲೆ ಇನ್ನೊಬ್ಬ ಮೇಷ್ಟ್ರು ಅವತರಿಸಿದರು. ಅದೇ ಕನ್ನಡಕ, ಅದೇ ಗಂಟಲು! ತರಗತಿಯೇ ಕಣ್ಣರಳಿಸಿತು.

"ಒಂದು ಸಂಖ್ಯೆಯ ಮೂರು ಪಟ್ಟಿಗೆ ಆರು ಸೇರಿಸಿದರೆ ಹದಿನೈದು. ಆ ಸಂಖ್ಯೆ ಯಾವುದು?" ಎಂದಿತು ಪರದೆ.

ಕಿಟಕಿ ಪಕ್ಕದ ಉದ್ದ ಹುಡುಗನೊಬ್ಬ, ವರ್ಷದಲ್ಲಿ ಮೊದಲ ಬಾರಿಗೆ, ಬಾಯಿ ಬಿಟ್ಟ. "ಏಳು."

ಮೇಷ್ಟ್ರ ಎದೆ ಉಬ್ಬಿತು. ಉತ್ತರ ತಪ್ಪು, ಇರಲಿ! ಈಗ ನೋಡಿ ಹುರಿದುಂಬಿಸುವ ಚಂದ!

ಪರದೆಯ ಮೇಷ್ಟ್ರು ಕೈ ಮುಗಿದರು. "ಆಯ್ತಮ್ಮಾ ತಾಯಿ, ನೀನು ಹೇಳಿದ್ದೇ ಸರಿ. ನಂದೇ ತಪ್ಪು. ವಿಷಯ ಇಲ್ಲಿಗೆ ಬಿಡು."

ಮೇಷ್ಟ್ರ ಕಿವಿ ಕೆಂಪಾಯಿತು. ಇದು ಮೊನ್ನೆ ಗ್ಯಾಸ್ ಬುಕ್ ಮಾಡಲು ಮರೆತದ್ದಕ್ಕೆ ಹೆಂಡತಿಗೆ ಕೊಟ್ಟ ಉತ್ತರ!

ಹೆಡ್ ಮೇಡಂ ಹುಬ್ಬು ಗಂಟಿಕ್ಕಿದರು. "ಇಲ್ಲಿ ಆರನ್ನ ಯಾಕೆ ಕಳೀಬೇಕು ಅಂತ ಸ್ವಲ್ಪ ಮಕ್ಕಳಿಗೆ ವಿವರಿಸಿ."

"ನಂಗೇನ್ ಗೊತ್ತು? ನಿಮ್ಮಮ್ಮನ್ನ ಕೇಳು," ಎಂದಿತು ಪರದೆ.

ಅಯ್ಯಯ್ಯೋ! ಮೇಷ್ಟ್ರು ಫೋನಿನ ಗುಂಡಿಗಳನ್ನೆಲ್ಲ ಒತ್ತಿದರು. ಧ್ವನಿ ಇನ್ನೂ ಜೋರಾಯಿತು. "ಸುಮ್ನಿರು! ಬಾಯ್ಮುಚ್ಚು!" ಎಂದು ಮೇಷ್ಟ್ರು ಪರದೆಯನ್ನೇ ಗದರಿದರು.

"ಇನ್ನೈದೇ ನಿಮಿಷ, ಎದ್ದೇಬಿಟ್ಟೆ. ಆ ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಿದ್ದು ನಾನಲ್ಲ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಷ್ಟ್ರ ಕಣ್ಣ ಮುಂದೆ ಲೈಬ್ರರಿ, ಚೀಟಿ, ಗೋಂದಿನ ಡಬ್ಬಿ ಎಲ್ಲ ಸಾಲಾಗಿ ಹಾದುಹೋದವು. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅಷ್ಟರಲ್ಲಿ ಮೂಲೆಯ ಬೆಂಚಿನಿಂದ ಎರಡು ಜಡೆಯ ಹುಡುಗಿ ಎದ್ದಳು. ಹಾಜರಿ ಕೂಗಿದರೂ ಬರೀ ತಲೆಯಾಡಿಸುತ್ತಿದ್ದವಳು!

"ಸಾರ್, ಅದು ಹೇಗೆ ಸರಿ ಅಂತೀರಿ? ಏಳರ ಮೂರು ಪಟ್ಟೇ ಇಪ್ಪತ್ತೊಂದು! ಅದಕ್ಕೆ ಇನ್ನೂ ಆರು ಸೇರಿಸಿದ್ರೆ ಹದಿನೈದು ಹೇಗಾಗುತ್ತೆ?"

"ಆಯ್ತಮ್ಮಾ ತಾಯಿ, ನೀನು ಹೇಳಿದ್ದೇ ಸರಿ."

"ಈಗ ತಾನೇ ನಂದು ಸರಿ ಅಂದ್ರಲ್ಲ!" ಉದ್ದ ಹುಡುಗ ಎಗರಿದ.

"ನಿಂದೂ ಸರಿ. ಜಗಳ ಬೇಡ."

"ಅದು ಹೇಗೆ ಎರಡೂ ಸರಿ ಆಗುತ್ತೆ?" ಇನ್ನೊಬ್ಬ ಎದ್ದ. ಮತ್ತೊಬ್ಬಳು ಎದ್ದಳು. ಎರಡು ಜಡೆಯವಳು ಧಡಧಡ ಬಂದು, ಮೇಷ್ಟ್ರು ತಮ್ಮ ಕೈಗೇ ಸಿಗದಂತೆ ಬೀರುವಿನ ಮೇಲಿಟ್ಟಿದ್ದ ಸೀಮೆಸುಣ್ಣವನ್ನು ಕುರ್ಚಿ ಹತ್ತಿ ತೆಗೆದು, ಬೋರ್ಡಿನ ಮೇಲೆ ಹದಿನೈದರಲ್ಲಿ ಆರು ಕಳೆದು, ಒಂಬತ್ತನ್ನು ಮೂರರಿಂದ ಭಾಗಿಸಿ, "ಮೂರು! ಮೂರೇ!" ಎಂದು ಪರದೆಯ ಮುಖಕ್ಕೆ ಬೆರಳು ತೋರಿಸಿದಳು. ಉದ್ದ ಹುಡುಗ ಬೋರ್ಡನ್ನೇ ದಿಟ್ಟಿಸಿ, "ಓ! ನಾನು ಆರನ್ನ ಕೂಡಿಸಿಬಿಟ್ಟಿದ್ದೆ!" ಎಂದು ಹಣೆ ಚಚ್ಚಿಕೊಂಡ. ಗಂಟೆ ಹೊಡೆದರೂ ಒಬ್ಬರೂ ಕದಲಲಿಲ್ಲ. ಪರದೆ ಒಪ್ಪಿದ್ದನ್ನೆಲ್ಲ ಸುಳ್ಳು ಮಾಡುವುದೇ ಅವರಿಗೆ ಹಟವಾಗಿತ್ತು.

ಹೆಡ್ ಮೇಡಂ ನೋಟ್‌ಬುಕ್ ಮುಚ್ಚಿ ಮುಂದೆ ಬಂದರು. ಮೇಷ್ಟ್ರು ಲೈಬ್ರರಿಯ ಬೀಗದ ಕೈಗಾಗಿ ಅಂಗೈ ಚಾಚುವುದೊಂದೇ ಬಾಕಿ.

"ಇಪ್ಪತ್ತಾರು ಮಕ್ಕಳು ಮಾತಾಡಿದ್ರು. ಎಣಿಸಿದ್ದೀನಿ. ಕ್ಲಾಸು ನಿಮ್ಮದೇ," ಎಂದರು. ಮೇಷ್ಟ್ರು ಉಸಿರು ಬಿಡುವಷ್ಟರಲ್ಲಿ ಸೇರಿಸಿದರು: "ಪಾಠ ಅದೇ ಮಾಡಲಿ. ನೀವು ಪಕ್ಕದಲ್ಲಿ ನಿಂತಿರಿ. ಮಧ್ಯೆ ಬಾಯಿ ಮಾತ್ರ ಹಾಕಬೇಡಿ."

ಸಂಜೆ ಮನೆಗೆ ಬಂದ ಮೇಷ್ಟ್ರು ಕೊನೆಯ ಆ ಮಾತೊಂದನ್ನು ನುಂಗಿಕೊಂಡು ಉಳಿದದ್ದನ್ನು ಬಣ್ಣ ಹಚ್ಚಿ ಹೇಳಿದರು. ಫೋನನ್ನು ಗತ್ತಿನಿಂದ ಹೊಲಿಗೆ ಯಂತ್ರದ ಪಕ್ಕ ಇಟ್ಟರು.

"ಸ್ಟಾಫ್ ರೂಮಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. ಇದಕ್ಕೆ ಇಷ್ಟು ಚೆನ್ನಾಗಿ ತರಬೇತಿ ಕೊಟ್ಟಿದ್ದು ಯಾರು ಅಂತ! ಎದೆ ತಟ್ಟಿ ಹೇಳಿದೆ, ನಾನೇ ಅಂತ!"

ಹೆಂಡತಿ ಜಿಪ್ಪಿನ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದರು. "ಅದಕ್ಕೆ ಆರು ದಿನ ನೀವು ಕೊಟ್ರಿ, ಸರಿ. ನಿಮಗೆ ಹದಿನೇಳು ವರ್ಷ ಕೊಟ್ಟಿದ್ದು ಯಾರು ಅಂತ ಹೇಳಿದ್ರಾ?"

ಮೇಷ್ಟ್ರಿಗೆ ರೇಗಿತು. ಇವತ್ತು ಮಾತ್ರ ಸೋಲಬಾರದು! ತಕ್ಕ ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ಫೋನು ಅವರ ಧ್ವನಿಯಲ್ಲೇ ಉತ್ತರ ಕೊಟ್ಟಾಗಿತ್ತು:

"ಆಯ್ತಮ್ಮಾ ತಾಯಿ, ನೀನು ಹೇಳಿದ್ದೇ ಸರಿ."