ತೂಬಿನ ಕಂಬದ ಬಳಿ ಎಡಕ್ಕೇ ತಿರುಗುವ ಮೀನುಗಳ ಬಗ್ಗೆ

ಜಲಚರ ಶಿಸ್ತು ಇಲಾಖೆ, ಅರಸೀಕೆರೆ ವಲಯ
ಸಂಖ್ಯೆ: ಜಶಿಇ/ಎಡಬಲ/07/2003-04
ದಿನಾಂಕ: 18-08-2003

ಉಲ್ಲೇಖ: ಹಾರನಹಳ್ಳಿ ಕಡೆಯ ಶ್ರೀಮತಿ ದ್ಯಾವಮ್ಮನವರ ಅರ್ಜಿ, ದಿನಾಂಕ 12-06-1997, ಹಾಗೂ ನೆನಪೋಲೆಗಳು ಹನ್ನೊಂದು.

ಸದರಿ ದ್ಯಾವಮ್ಮನವರು ಬೇರೆಯವರು ಹಿಡಿದ ಗೆಂಡೆಮೀನನ್ನು ಕೂಲಿಗೆ ಕಲ್ಲಿನ ಮೇಲೆ ಉಜ್ಜುತ್ತಿರುವಾಗಲೇ, ಅದನ್ನು ಅರ್ಧಕ್ಕೆ ನಿಲ್ಲಿಸಿ, ಸ್ಥಳ ತಪಾಸಣೆ ನಡೆಸಲಾಯಿತು. ಕೆರೆಯಲ್ಲಿ ಬಲೆ ಹಾಕಲು ಅವರಿಗೆ ಲೈಸೆನ್ಸಿರುವುದು ಕಂಬದ ಬಲಬದಿಗೆ. ಮೀನು ಹೋಗುವುದು ಎಡಬದಿಗೆ. ಆರು ವರ್ಷದಿಂದ ಅವರ ಬಲೆಗೆ ಪಾಚಿ ಬಿಟ್ಟು ಬೇರೇನೂ ಬಿದ್ದಿರುವುದಿಲ್ಲ. ಅವರ ಹೇಳಿಕೆಯನ್ನು ಇದ್ದದ್ದು ಇದ್ದಂತೆ ದಾಖಲಿಸಿದೆ: "ಹುಟ್ಟಿದಾಗ್ಲಿಂದ್ಲೂ ಅದು ಹಂಗೇಯ. ಕಂಬ ಕಂಡೇಟ್ಗೆ ಎಡಕ್ಕೆ ತಿರುಗ್ತೈತೆ. ಮೀನ ತಿರುಗ್ಸಕ್ಕಾಗಲ್ಲ ಕಣ್ರೀ ಸ್ವಾಮಿ, ನನ್ ಬಲೆ ತಿರುಗ್ಸಿ ಸಾಕು."

ಆದ್ದರಿಂದ ಎಲ್ಲ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ:

1. ಎಣಿಸಿದ ನೂರು ಮೀನುಗಳಲ್ಲಿ ಎಂಬತ್ಮೂರು ಎಡಕ್ಕೂ ಹದಿನಾಲ್ಕು ಬಲಕ್ಕೂ ತಿರುಗಿವೆ. ಮೂರು ಮೀನುಗಳು ಅಧಿಕಾರಿಗಳನ್ನು ಕಂಡು ಬಂದ ದಾರಿಯಲ್ಲೇ ವಾಪಸಾಗಿದ್ದು, ಅವುಗಳಿಂದ ವಿವರಣೆ ಕೇಳಲಾಗಿದೆ.

2. ಎಡಕ್ಕೆ ತಿರುಗುವುದು ಅಶುಭವೆಂದು ಎಂಬತ್ಮೂರಕ್ಕೂ ನೋಟೀಸು ತಯಾರಿಸಲಾಗಿತ್ತು. ಕಂಬವನ್ನು ಬಲಗೈಗೆ ಬಿಟ್ಟು ಸುತ್ತುವುದೇ ಪ್ರದಕ್ಷಿಣೆಯೆಂದು ಹಳೇಬೀಡಿನ ಗೈಡ್ ಸಣ್ಣಯ್ಯ ತಿಳಿಸಿದ್ದರಿಂದ ಅದನ್ನು ಹಿಂಪಡೆದು, ಉಳಿದ ಹದಿನಾಲ್ಕರ ಮೇಲೆ ಅಪ್ರದಕ್ಷಿಣೆಯ ಆರೋಪ ಹೊರಿಸಲಾಗಿದೆ.

3. 'ಎಡಕ್ಕೆ ಹೋಗಬಾರದು' ಎಂಬ ಬೋರ್ಡನ್ನು ಅಷ್ಟರಲ್ಲಾಗಲೇ ನೀರೊಳಗೆ ನೆಡಲಾಗಿತ್ತು. ಮೀನುಗಳು ಅದರ ನೆರಳಿನಲ್ಲಿ ತಂಗುತ್ತಿವೆ, ಎಡಬದಿಯಲ್ಲಿ.

4. ಅರ್ಜಿ ಆರು ವರ್ಷ ಎಲ್ಲಿತ್ತೆಂಬುದನ್ನೂ ಪರಿಶೀಲಿಸಲಾಯಿತು. ಸೂಪರಿಂಟೆಂಡೆಂಟ್ ಇಂದುಧರ ಅವರ ಮೇಜಿನ ಮೇಲೆ ಕಡತಗಳ ಎರಡು ಅಟ್ಟಿಗಳಿವೆ. ಅವರ ಕೈ ಹೋಗುವುದು ಬಲಗಡೆಯ ಅಟ್ಟಿಗೆ ಮಾತ್ರ. ಅರ್ಜಿ ಇದ್ದದ್ದು ಎಡಗಡೆಯದರಲ್ಲಿ, ತಳದಲ್ಲಿ, ಹನ್ನೊಂದು ನೆನಪೋಲೆಗಳ ಅಡಿಯಲ್ಲಿ.

5. ಕೇಳಲಾಗಿ ಇಂದುಧರ ಅವರು, "ಮೊದಲಿಂದ ರೂಢಿ ಕಣ್ರೀ, ಬೇಕಂತ ಮಾಡಿದ್ದಲ್ಲ" ಎಂದಿರುತ್ತಾರೆ. ಮೀನುಗಳದ್ದೂ ಇದೇ ವಾದವಿರಬಹುದೆಂದು ಇಲಾಖೆ ಭಾವಿಸುತ್ತದೆ.

6. ಇಂದುಧರ ಅವರನ್ನು ತಿರುಗಿಸುವ ಮೂರು ಪ್ರಯತ್ನಗಳು ವಿಫಲವಾದವು. ಕೊನೆಗೆ ಅರ್ಜಿಯನ್ನೇ ಬಲಗಡೆಯ ಅಟ್ಟಿಯ ಮೇಲಿಡಲಾಯಿತು. ಕಾಫಿ ಆರುವ ಮುಂಚೆ ಸಹಿ ಬಿತ್ತು. ಇನ್ನು ಮುಂದೆ ಮೀನನ್ನಾಗಲಿ ಸೂಪರಿಂಟೆಂಡೆಂಟರನ್ನಾಗಲಿ ಯಾರೂ ತಿರುಗಿಸತಕ್ಕದ್ದಲ್ಲ; ಬಲೆಯನ್ನೂ ಕಡತವನ್ನೂ ಸರಿಸತಕ್ಕದ್ದು.

ಸಹಿ/-
ಹೇಮಲತಾ
ಸಹಾಯಕ ನಿರ್ದೇಶಕರು

ಪ್ರತಿಗಳು:
ಶ್ರೀ ಇಂದುಧರ ಅವರಿಗೆ (ಬಲಗಡೆ ಇಡುವುದು).
ಮೀನುಗಳಿಗೆ, ಕಂಬಕ್ಕೆ ಅಂಟಿಸುವ ಮೂಲಕ (ಎಡಬದಿಗೆ).
ಬೇಲೂರು ಕಚೇರಿಗೆ, ಅಲ್ಲಿಯ ಮೇಜುಗಳನ್ನೂ ನೋಡುವಂತೆ.
ಶ್ರೀಮತಿ ದ್ಯಾವಮ್ಮನವರಿಗೆ, ಎಡಬದಿಯ ಅನುಮತಿ ಪತ್ರದೊಂದಿಗೆ. ಟಪಾಲಿಗೆ ಹಾಕಿದರೆ ಮತ್ತೆ ಯಾವ ಅಟ್ಟಿ ಸೇರುವುದೋ ಎಂದು ಜವಾನ ಚನ್ನಪ್ಪನ ಕೈಗೇ ಕೊಡಲಾಗಿದೆ. ಹತ್ತೂಕಾಲರ ಹಾರನಹಳ್ಳಿ ಬಸ್ಸಿನಲ್ಲಿ ಪತ್ರ ಹೊರಟಿದೆ.